ಗಡಿಯಾಚೆಯ ಕನ್ನಡ ಎಂ.ಎ.: ಏಳಿಗೆ ಮತ್ತು ಇಳಿಮುಖ
(ರಾಯದುರ್ಗ, ಮಡಕಶಿರಾಗಳ ನೆಲೆಯಿಂದ ಒಂದು ವಿಮರ್ಶೆ)

ಕರ್ನಾಟಕದ ಹೊರಗಿನ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಸ್ನಾತಕೋತ್ತರ ತರಗತಿಗಳು ಸೊರಗುತ್ತಿವೆ ಎಂಬ ಮಾತು ವಿಚಾರಗೋಷ್ಠಿಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಕೊಡುವ ಕಾರಣಗಳೂ ಬಹುಮಟ್ಟಿಗೆ ಒಂದೇ: ವಿದ್ಯಾರ್ಥಿಗಳ ನಿರಾಸಕ್ತಿ, ಉದ್ಯೋಗದ ಅಭಾವ, ಆಯಾ ರಾಜ್ಯಭಾಷೆಯ ಒತ್ತಡ, ಇಂಗ್ಲಿಷಿನ ಸೆಳೆತ. ಇವು ಸುಳ್ಳಲ್ಲ. ಆದರೆ ಇವು ಗಡಿಯುದ್ದಕ್ಕೂ ಹೆಚ್ಚುಕಡಿಮೆ ಸಮಾನವಾಗಿರುವಂಥವು. ಒಂದೆಡೆ ತರಗತಿ ಉಳಿದು ಇನ್ನೊಂದೆಡೆ ಏಕೆ ಬಡವಾಗುತ್ತದೆ ಎಂಬ ಪ್ರಶ್ನೆಗೆ ಇವುಗಳಿಂದ ಉತ್ತರ ದೊರೆಯುವುದಿಲ್ಲ. ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಎಂ.ಎ. ನೆಲೆನಿಂತಿದೆ. ಆಂಧ್ರಪ್ರದೇಶದ ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡಿಗರಿಗೆ ಅಂಥ ದೃಢವಾದ ನೆಲೆ ಒದಗಲಿಲ್ಲ. ಈ ವ್ಯತ್ಯಾಸದ ಹಿಂದೆ ಎರಡು ಸಂಗತಿಗಳಿವೆ. ಶಾಲೆಯಿಂದ ವಿಶ್ವವಿದ್ಯಾಲಯಕ್ಕೆ ಏರುವ ಏಣಿಯ ನಡುಮೆಟ್ಟಿಲುಗಳು ಇಲ್ಲಿ ಕಳಚಿಹೋದದ್ದು ಒಂದು. ತಾನು ನಿಂತ ನೆಲದ ದ್ವಿಭಾಷಿಕ ಬದುಕನ್ನು ಕನ್ನಡ ಎಂ.ಎ. ತನ್ನ ಅಧ್ಯಯನದ ವಸ್ತುವೆಂದು ಎಣಿಸದೆ ಹೋದದ್ದು ಮತ್ತೊಂದು. ಮೊದಲನೆಯದು ಆಗಾಗ ಚರ್ಚೆಗೆ ಬಂದಿದೆ; ಎರಡನೆಯದರ ಮೇಲೆ ವಿಮರ್ಶೆಯ ಕಣ್ಣು ಬಿದ್ದದ್ದು ಕಡಿಮೆ.

ಎರಡು ತಾಲೂಕು, ಎರಡು ಚರಿತ್ರೆ

ರಾಯದುರ್ಗ ಮತ್ತು ಮಡಕಶಿರಾಗಳ ಹೆಸರು ಸಾಮಾನ್ಯವಾಗಿ ಒಟ್ಟಿಗೇ ಬರುತ್ತದೆಯಾದರೂ ಅವು ಗಡಿನಾಡಾದ ಬಗೆ ಬೇರೆ ಬೇರೆ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲೂಕು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆಲೂರು, ಆದವಾನಿ, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ರಾಯದುರ್ಗ ಅನಂತಪುರ ಜಿಲ್ಲೆಯ ಪಾಲಾಯಿತು. ಡಿ. ಹಿರೇಹಾಳು, ಬೊಮ್ಮನಹಾಳು, ಕಣೇಕಲ್ಲು ಭಾಗದ ಜನಕ್ಕೆ ಸಂತೆ, ನೆಂಟಸ್ತಿಕೆ, ಆಸ್ಪತ್ರೆಗಳಿಗೆ ಬಳ್ಳಾರಿಯೇ ಹತ್ತಿರ. ಕಚೇರಿಗೆ ಮಾತ್ರ ಅನಂತಪುರ. ಮಡಕಶಿರಾದ ಕಥೆ ಇದಲ್ಲ. ಅದು ಮೊದಲಿನಿಂದಲೂ ಅನಂತಪುರ ಜಿಲ್ಲೆಯದೇ. ಭೂಪಟದಲ್ಲಿ ಅದು ಪಾವಗಡ, ಶಿರಾ, ಮಧುಗಿರಿ, ಗೌರಿಬಿದನೂರುಗಳ ನಡುವೆ ಚಾಚಿದ ನಾಲಗೆಯಂತೆ ಕಾಣುತ್ತದೆ. ಅಗಳಿ, ರೊಳ್ಳ, ಅಮರಾಪುರ ಮಂಡಲಗಳಲ್ಲಿ ಕನ್ನಡ ಮನೆಯ ಮಾತು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಮರುವಿಂಗಡಣೆಯಾದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಹೀಗೆ ಒಂದೇ ಜಿಲ್ಲೆಯ ಕನ್ನಡಿಗರೆಂಬ ಆಡಳಿತಾತ್ಮಕ ಏಕತೆಯೂ ಈಗ ಇಲ್ಲ.

ಉನ್ನತ ಶಿಕ್ಷಣದ ಮಟ್ಟಿಗೆ ಈ ಸೀಮೆ ಮೂರು ವಿಶ್ವವಿದ್ಯಾಲಯಗಳ ನೆರಳನ್ನು ಕಂಡಿದೆ. ಅನಂತಪುರದ ಕಾಲೇಜು 1916ರಲ್ಲಿ ಸೀಡೆಡ್ ಡಿಸ್ಟ್ರಿಕ್ಟ್ಸ್ ಕಾಲೇಜೆಂಬ ಹೆಸರಿನಿಂದ ಆರಂಭವಾದದ್ದು ಮದರಾಸು ವಿಶ್ವವಿದ್ಯಾಲಯದ ಅಡಿಯಲ್ಲಿ. 1954ರಲ್ಲಿ ತಿರುಪತಿಯಲ್ಲಿ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯ ಹುಟ್ಟಿದಾಗ ರಾಯಲಸೀಮೆ ಅದರ ವ್ಯಾಪ್ತಿಗೆ ಬಂದಿತು. ಆ ವಿಶ್ವವಿದ್ಯಾಲಯ 1968ರಲ್ಲಿ ಅನಂತಪುರದಲ್ಲಿ ತೆರೆದ ಸ್ನಾತಕೋತ್ತರ ಕೇಂದ್ರವೇ 1981ರಲ್ಲಿ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯವಾಯಿತು. ಮದರಾಸಿನಿಂದ ತಿರುಪತಿಗೆ, ತಿರುಪತಿಯಿಂದ ಅನಂತಪುರಕ್ಕೆ ವಿಶ್ವವಿದ್ಯಾಲಯ ಹಂತಹಂತವಾಗಿ ಹತ್ತಿರ ಬಂದಿತು. ಕನ್ನಡ ಓದಬೇಕೆಂಬ ವಿದ್ಯಾರ್ಥಿಯ ದಾರಿ ಮಾತ್ರ ಅದೇ ಪ್ರಮಾಣದಲ್ಲಿ ಹತ್ತಿರವಾಗಲಿಲ್ಲ. ಇದೇ ಈ ಚರಿತ್ರೆಯ ವಿರೋಧಾಭಾಸ.

ಏಳಿಗೆಯ ಎರಡು ಮಾದರಿಗಳು

ಕನ್ನಡ ಎಂ.ಎ. ಎಂಬುದು ಸ್ವತಃ ಹಳೆಯ ಸಂಸ್ಥೆಯೇನಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾಲಯದಲ್ಲಿ ಅದು ಆರಂಭವಾದದ್ದು 1927ರಲ್ಲಿ, ಬಿ.ಎಂ. ಶ್ರೀಕಂಠಯ್ಯನವರ ಕಾಲದಲ್ಲಿ. ಕುವೆಂಪು 1929ರಲ್ಲಿ ಎಂ.ಎ. ಮುಗಿಸಿದ್ದು ಈ ತರಗತಿಯಿಂದಲೇ. ಹಳಗನ್ನಡ ಕಾವ್ಯ, ಛಂದಸ್ಸು, ವ್ಯಾಕರಣ, ಕಾವ್ಯಮೀಮಾಂಸೆ, ಭಾಷಾಚರಿತ್ರೆಗಳ ಸುತ್ತ ಅಲ್ಲಿ ರೂಪುಗೊಂಡ ಚೌಕಟ್ಟು ಮುಂದೆ ಕನ್ನಡ ಎಂ.ಎ.ಯ ಸಹಜ ರೂಪವೆಂದೇ ಪರಿಗಣಿತವಾಯಿತು.

ಗಡಿಯಾಚೆ ಇದಕ್ಕೆ ಸಮಾನಾಂತರವಾಗಿ ಎರಡು ಮಾದರಿಗಳು ಬೆಳೆದವು. ಮದರಾಸು ವಿಶ್ವವಿದ್ಯಾಲಯದ ಪ್ರಾಚ್ಯ ಸಂಶೋಧನಾ ಸಂಸ್ಥೆಯಲ್ಲಿ 1927ರಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ದಕ್ಷಿಣ ಕನ್ನಡ, ಬಳ್ಳಾರಿ, ಅನಂತಪುರಗಳೆಲ್ಲ ಮದರಾಸು ಪ್ರಾಂತದಲ್ಲಿದ್ದ ಕಾಲ ಅದು. ಅಲ್ಲಿನ ವಿಭಾಗದ ಕೀರ್ತಿ ನಿಂತದ್ದು ಮುಖ್ಯವಾಗಿ ಗ್ರಂಥಸಂಪಾದನೆ ಮತ್ತು ನಿಘಂಟಿನ ಮೇಲೆ. ಮರಿಯಪ್ಪ ಭಟ್ಟರು ಮತ್ತು ಶಂಕರ ಕೆದಿಲಾಯರ ತುಳು–ಇಂಗ್ಲಿಷ್ ನಿಘಂಟು 1967ರಲ್ಲಿ ಅಲ್ಲಿಂದ ಹೊರಬಂತು. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಕಿಟ್ಟೆಲ್ ನಿಘಂಟು 1968ರಿಂದ 1971ರ ನಡುವೆ 4 ಸಂಪುಟಗಳಲ್ಲಿ ಅಚ್ಚಾಯಿತು. ಇಲ್ಲಿ ಕಾಲವನ್ನು ಗಮನಿಸಬೇಕು. ಅಷ್ಟು ಹೊತ್ತಿಗೆ ಪ್ರಾಂತದ ಕನ್ನಡ ಜಿಲ್ಲೆಗಳು ಮದರಾಸಿನಿಂದ ಬೇರೆಯಾಗಿ ಒಂದು ದಶಕಕ್ಕೂ ಮೀರಿತ್ತು. ಅಂದರೆ ವಿದ್ಯಾರ್ಥಿಗಳು ಬರುತ್ತಿದ್ದ ಸೀಮೆ ಕೈಬಿಟ್ಟ ಮೇಲೆಯೇ ವಿಭಾಗದ ಮಹತ್ತ್ವದ ಕೃತಿ ಹೊರಬಂದಿತು. ವಿಭಾಗದ ಏಳಿಗೆಯೂ ತರಗತಿಯ ಏಳಿಗೆಯೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ನಿಘಂಟಿಗೆ ಬೇಕಾದದ್ದು ಪಂಡಿತರು, ಹಸ್ತಪ್ರತಿಗಳು ಮತ್ತು ಅನುದಾನ. ತರಗತಿಗೆ ಬೇಕಾದದ್ದು ಊರುಗಳು.

ಎರಡನೆಯ ಮಾದರಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ್ದು. ನಿಜಾಮರ ರಾಜ್ಯದಲ್ಲಿ ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳಿದ್ದುದರಿಂದ ಅಲ್ಲಿಯ ಕನ್ನಡ ಬೋಧನೆಗೆ ಊರುಗಳ ಬೆಂಬಲವಿತ್ತು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ವಿಭಾಗ ತಕ್ಷಣ ಮುಚ್ಚಲಿಲ್ಲ. 1963ರಿಂದ 1966ರವರೆಗೆ ಜಿ.ಎಸ್. ಶಿವರುದ್ರಪ್ಪನವರಂಥ ಕವಿ–ವಿಮರ್ಶಕರು ಅಲ್ಲಿದ್ದರು. ಆದರೆ ಆ ಬಳಿಕ ಅದು ಒಂದು ಸೀಮೆಯ ವಿಭಾಗವಾಗಿ ಉಳಿಯದೆ ಒಂದು ನಗರದ ವಿಭಾಗವಾಯಿತು. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಆಸಕ್ತಿಯ ಮೇಲೆ ಅದು ನಿಲ್ಲಬೇಕಾಯಿತು. ಹಾಗೆ ನಿಂತ ತರಗತಿ ಒಂದು ತಲೆಮಾರಿನವರೆಗೆ ಬಾಳಬಹುದು. ಎರಡನೆಯ ತಲೆಮಾರಿಗೆ ಕನ್ನಡ ಮನೆಯ ಮಾತಾಗಿ ಉಳಿದರೂ ಓದುವ ಬರೆಯುವ ಭಾಷೆಯಾಗಿ ಉಳಿಯುವುದು ಅಪರೂಪ.

ಭೂಪಟಕ್ಕೆ ಮೊದಲೇ ಎಳೆದ ಗಡಿ

ಇಳಿಮುಖದ ಹೊಣೆಯನ್ನು 1953 ಮತ್ತು 1956ರ ಮೇಲೆ ಹೊರಿಸಿ ಮುಗಿಸುವುದು ಸುಲಭ. ಆದರೆ ರಾಜಕೀಯ ಗಡಿಗೆ ಮೊದಲೇ ವಿದ್ವತ್ತು ತನ್ನದೇ ಗಡಿಯನ್ನು ಎಳೆದಿತ್ತು. ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ 9ನೆಯ ಸಂಪುಟ ಮದರಾಸು ಪ್ರಾಂತದ ಕನ್ನಡ ಶಾಸನಗಳದ್ದು; ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಸಂಪಾದಿಸಿದ ಅದರ ಮೊದಲ ಭಾಗ 1939ರಲ್ಲಿ ಬಂತು. 10ನೆಯ ಸಂಪುಟ ಅದೇ ಪ್ರಾಂತದ ತೆಲುಗು ಶಾಸನಗಳದ್ದು. ವರ್ಗೀಕರಣವಾಗಿ ಇದು ನಿರ್ದುಷ್ಟ; ವಿದ್ವಾಂಸರಿಗೆ ಅನುಕೂಲವೂ ಹೌದು. ಆದರೆ ಬಳ್ಳಾರಿ, ಅನಂತಪುರಗಳಂಥ ಜಿಲ್ಲೆಗಳಿಗೆ ಇದರ ಪರಿಣಾಮ ವಿಚಿತ್ರ. ಒಂದೇ ಸೀಮೆಯಲ್ಲಿ, ಒಂದೇ ಅರಸೊತ್ತಿಗೆಯ ಕೆಳಗೆ ಹುಟ್ಟಿದ ಬರಹಗಳು ಭಾಷೆಯ ಆಧಾರದ ಮೇಲೆ ಎರಡು ಸಂಪುಟಗಳಲ್ಲಿ ಹಂಚಿಹೋಗಿ, ಎರಡು ವಿಭಾಗಗಳ ಆಸ್ತಿಯಾದವು. ಕನ್ನಡದ ವಿದ್ಯಾರ್ಥಿ ಒಂದನ್ನು ತೆರೆದ, ತೆಲುಗಿನ ವಿದ್ಯಾರ್ಥಿ ಇನ್ನೊಂದನ್ನು. ಊರಿನ ಬರಹವನ್ನು ಊರಿನ ಬರಹವಾಗಿ ಓದುವ ತರಗತಿ ಯಾವುದೂ ಇರಲಿಲ್ಲ.

ಇದನ್ನು ಮಡಕಶಿರಾ ಸೀಮೆಗೆ ಅನ್ವಯಿಸಿ ನೋಡಬಹುದು. ಅಮರಾಪುರ ಮಂಡಲದ ಹೇಮಾವತಿ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅಲ್ಲಿಯ ನೊಳಂಬ ಶಿಲ್ಪ ಕಲಾಚರಿತ್ರೆಯಲ್ಲಿ ಪ್ರಸಿದ್ಧ. ಕೆಲವು ಕಂಬಗಳು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿವೆ. ನೊಳಂಬರ ಶಾಸನಗಳ ಕನ್ನಡ ಕನ್ನಡ ಸಾಹಿತ್ಯ ಚರಿತ್ರೆಯ ಪಾಠದಲ್ಲಿ ಬಂದರೂ ಬರುವುದು ಒಂದು ಅಡಿಟಿಪ್ಪಣಿಯಾಗಿ. ಪಂಪನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಇದೆ. ಕನ್ನಡ ಎಂ.ಎ. ಅದನ್ನು ಓದುವುದು ಪಂಪನ ವಂಶದ ಮಾಹಿತಿಗಾಗಿ, ತೆಲುಗು ಎಂ.ಎ. ಓದುವುದು ಅದರಲ್ಲಿರುವ ಪ್ರಾಚೀನ ತೆಲುಗು ಕಂದಪದ್ಯಗಳಿಗಾಗಿ. ಒಬ್ಬ ಬರೆಹಗಾರ ಮೂರು ಭಾಷೆಗಳನ್ನು ಒಂದೇ ಬಂಡೆಯ ಮೇಲೆ ಯಾಕೆ ನಿಲ್ಲಿಸಿದ, ಓದುಗರು ಯಾರೆಂದು ಬಗೆದ ಎಂಬ ಮುಖ್ಯ ಪ್ರಶ್ನೆ ಎರಡೂ ತರಗತಿಗಳ ನಡುವೆ ಬಿದ್ದುಹೋಗುತ್ತದೆ.

ಅನಂತಪುರದ ಅವಕಾಶ

ಈ ಹಿನ್ನೆಲೆಯಲ್ಲಿ ಅನಂತಪುರದಲ್ಲಿ ಕನ್ನಡ ಸ್ನಾತಕೋತ್ತರ ಅಧ್ಯಯನಕ್ಕೆ ನೆಲೆ ದೊರೆತದ್ದು ಸಣ್ಣ ಸಂಗತಿಯಲ್ಲ. ವಿಶ್ವವಿದ್ಯಾಲಯದ ಹೆಸರೇ ಅರ್ಥಪೂರ್ಣ. ತೆಲುಗಿನ ‘ಆಮುಕ್ತಮಾಲ್ಯದ’ದಲ್ಲಿ ಆಂಧ್ರವಿಷ್ಣು ತೆಲುಗು ಕಾವ್ಯ ಬರೆಯೆಂದು ಕೇಳುವಾಗ ಕೃಷ್ಣದೇವರಾಯನನ್ನು ಸಂಬೋಧಿಸುವುದು ‘ಕನ್ನಡರಾಯ’ ಎಂದು. ತೌಲನಿಕ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ಶುಭಾರಂಭ ಇನ್ನೊಂದಿಲ್ಲ. ಅಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದ ಆರ್. ಶೇಷಶಾಸ್ತ್ರಿಯವರು 1982ರಲ್ಲಿ ಪ್ರಕಟವಾದ ‘ಕರ್ನಾಟಕದ ವೀರಗಲ್ಲುಗಳು’ ಗ್ರಂಥದಿಂದ ಹೆಸರಾದವರು. ವೀರಗಲ್ಲು ಗಡಿಯನ್ನು ಅರಿಯದ ಆಕರ. ಊರಳಿವು, ತುರುಗೋಳು, ಬೇಟೆಗಳಲ್ಲಿ ಮಡಿದವರ ಕಲ್ಲುಗಳು ಕರ್ನಾಟಕದಲ್ಲಿರುವಂತೆ ರಾಯಲಸೀಮೆಯಲ್ಲೂ ಇವೆ. ಇಂಥ ಆಕರವನ್ನು ಬಲ್ಲ ವಿದ್ವಾಂಸರು ಇಂಥ ಊರಿನಲ್ಲಿ ಕನ್ನಡ ಕಲಿಸುತ್ತಿದ್ದರೆಂಬುದು, ಗಡಿಯ ಕನ್ನಡ ಎಂ.ಎ.ಗೆ ತನ್ನದೇ ಆದ ದಾರಿ ಸಾಧ್ಯವಿತ್ತೆಂಬುದನ್ನು ತೋರಿಸುತ್ತದೆ.

ಆದರೆ ಗಡಿಯಾಚೆಯ ಸಣ್ಣ ವಿಭಾಗಗಳಿಗೆ ಒಂದು ಸಹಜ ದೌರ್ಬಲ್ಯವಿದೆ: ಅಲ್ಲಿ ವಿಷಯವೆಂದರೆ ವ್ಯಕ್ತಿ. ಶಾಸನ ಬಲ್ಲವರು ಇದ್ದಷ್ಟು ದಿನ ಶಾಸನ, ಜಾನಪದ ಬಲ್ಲವರು ಇದ್ದಷ್ಟು ದಿನ ಜಾನಪದ. ಅವರು ನಿವೃತ್ತರಾದಾಗ ಹುದ್ದೆ ಒಂದು ಲೆಕ್ಕದ ಸಾಲಾಗಿ ಉಳಿಯುತ್ತದೆ. ಅವರ ಕೆಲಸ ಪಠ್ಯಕ್ರಮದಲ್ಲಿ ಬೇರೂರಿರದಿದ್ದರೆ ಬಂದವರು ಮತ್ತೆ ಮೈಸೂರು, ಧಾರವಾಡಗಳ ಮಾದರಿಗೇ ಮರಳುತ್ತಾರೆ. ಆಗ ಗಡಿಯ ಎಂ.ಎ. ಒಳನಾಡಿನ ಎಂ.ಎ.ಯ ಪ್ರತಿಯಾಗುತ್ತದೆ. ಪ್ರತಿಯನ್ನು ಓದಲು ಅನಂತಪುರಕ್ಕೆ ಹೋಗುವ ಅಗತ್ಯವಿಲ್ಲ, ಮೂಲವೇ ಬಳ್ಳಾರಿಯಲ್ಲಿ ಸಿಗುತ್ತದೆ. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಆರಂಭವಾದ ಮೇಲೆ ರಾಯದುರ್ಗದ ವಿದ್ಯಾರ್ಥಿಯ ಎರಡೂ ಬದಿಗೆ ಒಬ್ಬನೇ ಅರಸನ ಹೆಸರಿನ ವಿಶ್ವವಿದ್ಯಾಲಯಗಳಿವೆ. ಅವುಗಳಲ್ಲಿ ಬಳ್ಳಾರಿಯದೇ ಹತ್ತಿರ. ಮಡಕಶಿರಾದವರಿಗೆ 2004ರಿಂದ ತುಮಕೂರು ವಿಶ್ವವಿದ್ಯಾಲಯವಿದೆ.

ಎರಡು ನಿಯಮಗಳ ನಡುವೆ

ಹಾಗಿದ್ದರೆ ವಿದ್ಯಾರ್ಥಿ ಬಳ್ಳಾರಿಗೋ ತುಮಕೂರಿಗೋ ಹೋದರೆ ನಷ್ಟವೇನು ಎಂಬ ಆಕ್ಷೇಪ ನ್ಯಾಯವಾದದ್ದು. ವ್ಯಕ್ತಿಗೆ ನಷ್ಟವಿಲ್ಲದಿರಬಹುದು. ಸಮುದಾಯಕ್ಕೆ ಇದೆ, ಮತ್ತು ಅದು ಕಾಣಿಸುವುದು ಎರಡು ರಾಜ್ಯಗಳ ಎರಡು ನಿಯಮಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ.

ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಾವಳಿಯಲ್ಲಿ ಗಡಿನಾಡ ಕನ್ನಡಿಗರಿಗೆ ಒಂದು ಕಲಮು ಇದೆ. ಹೊರರಾಜ್ಯಗಳ ಕೆಲವು ತಾಲೂಕುಗಳನ್ನು ಅದು ಹೆಸರಿಸುತ್ತದೆ. ಆಂಧ್ರದ ಆದವಾನಿ, ಆಲೂರು, ರಾಯದುರ್ಗ, ಮಡಕಶಿರಾಗಳು ಅದರಲ್ಲಿವೆ. ಅಲ್ಲಿ ಶಾಲೆ ಕಲಿತ ಕನ್ನಡ ಮನೆಮಾತಿನ ವಿದ್ಯಾರ್ಥಿಗೆ ಕರ್ನಾಟಕದ ಇಂಜಿನಿಯರಿಂಗ್, ವೈದ್ಯಕೀಯ ಮೊದಲಾದ ಸೀಟುಗಳಿಗೆ ಅರ್ಹತೆ ದೊರೆಯುತ್ತದೆ. ಇದು ದೊಡ್ಡ ಉಪಕಾರವೇ. ಆದರೆ ಸಾಹಿತ್ಯದ ದೃಷ್ಟಿಯಿಂದ ಇದರ ಫಲ ಸೋಜಿಗದ್ದು: ಕನ್ನಡವೇ ಇಲ್ಲಿ ಕನ್ನಡದಿಂದ ಹೊರಗೆ ಹೋಗುವ ಬಾಗಿಲಾಗುತ್ತದೆ. ಮನೆಮಾತು ಪ್ರಮಾಣಪತ್ರವಾಗಿ ಬೇಕು, ಓದುವ ವಿಷಯವಾಗಿ ಬೇಕಿಲ್ಲ.

ಆಂಧ್ರದ ಕಡೆ ಇರುವುದು 1975ರ ರಾಷ್ಟ್ರಪತಿ ಆದೇಶ ರೂಢಿಗೆ ತಂದ ‘ಸ್ಥಳೀಯ ಅಭ್ಯರ್ಥಿ’ ಎಂಬ ಕಲ್ಪನೆ. ಅರ್ಹತಾ ಪರೀಕ್ಷೆಗೆ ಕೂರುವ ವರ್ಷದವರೆಗಿನ ಸತತ 4 ವರ್ಷ ಆ ಪ್ರದೇಶದಲ್ಲಿ ಓದಿರುವುದು ಅದರ ಒಂದು ಮುಖ್ಯ ಅಳತೆ. ಆಂಧ್ರದ ಶಿಕ್ಷಕರ ನೇಮಕಾತಿಯಲ್ಲಿ ಕನ್ನಡ ಮಾಧ್ಯಮದ ಹುದ್ದೆಗಳನ್ನು ಬೇರೆಯಾಗಿಯೇ ಗುರುತಿಸಲಾಗುತ್ತದೆ. ಕರ್ನಾಟಕಕ್ಕೆ ಹೋಗಿ ಕನ್ನಡವನ್ನು ಚೆನ್ನಾಗಿ ಕಲಿತು ಬಂದವರಿಗೆ ತಮ್ಮದೇ ಊರಿನ ಹುದ್ದೆಗೆ ಸ್ಥಳೀಯತೆಯನ್ನು ಸಾಬೀತುಪಡಿಸುವುದು ಕಷ್ಟವಾಗಬಹುದು. ಊರಿನಲ್ಲೇ ಉಳಿದವರಿಗೆ ಸ್ಥಳೀಯತೆ ಇದೆ, ಕನ್ನಡದ ಮೇಲ್ಮಟ್ಟದ ಓದು ಇಲ್ಲ. ಶಾಲೆಗೆ ಬೇಕಾದದ್ದು ಎರಡೂ ಇರುವ ಮೇಷ್ಟ್ರು. ಆ ಮೇಷ್ಟ್ರನ್ನು ತಯಾರಿಸಬಲ್ಲ ಜಾಗ ಅನಂತಪುರದಂಥ ವಿಶ್ವವಿದ್ಯಾಲಯವೇ ಆಗಿತ್ತು.

ನಡುಮೆಟ್ಟಿಲುಗಳ ಪ್ರಶ್ನೆ ಬರುವುದು ಇಲ್ಲಿ. 1956ರ 7ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ ಮಾತೃಭಾಷೆಯ ಬೋಧನೆಯನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ರಾಯದುರ್ಗ, ಮಡಕಶಿರಾಗಳಲ್ಲಿ ಕನ್ನಡ ಮಾಧ್ಯಮ ಶಾಲೆಗಳಿವೆ. ಮೇಲೆ ವಿಶ್ವವಿದ್ಯಾಲಯವಿತ್ತು. ನಡುವಿನ ಇಂಟರ್‌ಮೀಡಿಯೆಟ್ ಮತ್ತು ಪದವಿ ಹಂತಗಳನ್ನು ಯಾವ ವಿಧಿಯೂ ಕಾಯುವುದಿಲ್ಲ. ಹತ್ತನೆಯ ತರಗತಿ ಮುಗಿಸಿದ ವಿದ್ಯಾರ್ಥಿ ತೆಲುಗು ಅಥವಾ ಇಂಗ್ಲಿಷಿಗೆ ಹೊರಳಿ 5 ವರ್ಷ ಕಳೆದ ಮೇಲೆ ಕನ್ನಡ ಎಂ.ಎ.ಗೆ ಮರಳುವನೆಂದು ನಿರೀಕ್ಷಿಸುವುದು ಅತಿಯಾಸೆ. ಬುಡವೂ ಈಗ ಭದ್ರವಲ್ಲ. ಸರ್ಕಾರಿ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ತರಲು ಆಂಧ್ರ ಸರ್ಕಾರ 2019ರ ನವೆಂಬರ್‌ನಲ್ಲಿ ಹೊರಡಿಸಿದ ಆದೇಶವನ್ನು 2020ರ ಏಪ್ರಿಲ್‌ನಲ್ಲಿ ಉಚ್ಚ ನ್ಯಾಯಾಲಯ ರದ್ದುಗೊಳಿಸಿತಾದರೂ, ಪಾಲಕರ ಒಲವು ನ್ಯಾಯಾಲಯದ ತೀರ್ಪಿನಿಂದ ಬದಲಾಗುವಂಥದಲ್ಲ.

ಕಾಸರಗೋಡಿನ ಪಾಠ ಸರಳ. 1957ರಲ್ಲಿ ಆರಂಭವಾದ ಅಲ್ಲಿಯ ಸರ್ಕಾರಿ ಕಾಲೇಜಿನಲ್ಲಿ ಕನ್ನಡದ ಬಿ.ಎ., ಎಂ.ಎ., ಸಂಶೋಧನೆ ಒಂದೇ ಆವರಣದಲ್ಲಿವೆ. ಕೆಳಗೆ ಕನ್ನಡ ಮಾಧ್ಯಮದ ಶಾಲೆಗಳಿವೆ. ಕೇರಳದ ಲೋಕಸೇವಾ ಆಯೋಗ ಕನ್ನಡ ಬಲ್ಲವರಿಗೆಂದೇ ಕೆಲವು ಹುದ್ದೆಗಳನ್ನು ಗುರುತಿಸುತ್ತದೆ. ಅಲ್ಲಿನವರಿಗೆ ದೂರುಗಳಿಲ್ಲವೆಂದಲ್ಲ. ಆದರೆ ಏಣಿ ಅಖಂಡವಾಗಿದೆ, ಓದಿದವರು ಇಳಿದುಬರಲು ಅದೇ ಊರಿನ ಶಾಲೆ, ಕಚೇರಿಗಳಿವೆ.

ಪಠ್ಯಕ್ರಮದ ಮರುಓದು

ಆಡಳಿತದ ನಿಯಮಗಳನ್ನು ಬದಲಿಸುವುದು ವಿಶ್ವವಿದ್ಯಾಲಯದ ಕೈಯಲ್ಲಿಲ್ಲ. ಪಠ್ಯಕ್ರಮ ಇದೆ. ಗಡಿಯ ಕನ್ನಡ ಎಂ.ಎ. ಒಳನಾಡಿನಲ್ಲಿ ಸಿಗದ ಏನನ್ನು ಕೊಡಬಲ್ಲದು ಎಂಬುದೇ ಅದರ ಅಸ್ತಿತ್ವದ ಪ್ರಶ್ನೆ. 1997ರಲ್ಲಿ ಕುಪ್ಪಂನಲ್ಲಿ ಸ್ಥಾಪಿತವಾದ ದ್ರಾವಿಡ ವಿಶ್ವವಿದ್ಯಾಲಯ ತನ್ನ ಕನ್ನಡ ವಿಭಾಗದ ಹೆಸರಿನಲ್ಲೇ ಭಾಷಾಂತರ ಅಧ್ಯಯನವನ್ನು ಸೇರಿಸಿಕೊಂಡದ್ದು ಈ ದಿಕ್ಕಿನ ಅರಿವನ್ನು ತೋರಿಸುತ್ತದೆ. ಕುಪ್ಪಂ ಮೂರು ರಾಜ್ಯಗಳ ಕೂಡುಸ್ಥಳವಾದರೂ ರಾಯದುರ್ಗಕ್ಕೆ ದೂರ. ಆದರೂ ಕಲ್ಪನೆ ಸರಿಯಾದದ್ದು.

ಆ ಕಲ್ಪನೆಯನ್ನು ಅನಂತಪುರದ ನೆಲದಲ್ಲಿ ಬೆಳೆಸಲು ಸಾಮಗ್ರಿಗೆ ಬರವಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನು 1369ರಲ್ಲಿ ಕನ್ನಡಕ್ಕೆ ತಂದ ಭೀಮಕವಿ, ಎರಡೂ ಭಾಷೆಗಳಲ್ಲಿ ಹಾಡಿದ ಕೈವಾರದ ನಾರೇಯಣ, ಅನಂತಪುರ ಜಿಲ್ಲೆಯಲ್ಲಿ ಹುಟ್ಟಿ 1912ರಿಂದ ದಶಕಗಳ ಕಾಲ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಕಲಿಸುತ್ತ ಕನ್ನಡದಲ್ಲೂ ಬರೆದ ರಾಳ್ಳಪಲ್ಲಿ ಅನಂತಕೃಷ್ಣಶರ್ಮರು — ಇವರನ್ನು ಒಂದು ಭಾಷೆಯ ಚರಿತ್ರೆಯ ಒಳಗೆ ಇಟ್ಟು ಓದಿದರೆ ಅರ್ಧವೇ ಕಾಣುತ್ತದೆ. ವೇಮನ ಮತ್ತು ಸರ್ವಜ್ಞರ ಹೋಲಿಕೆಯಂಥ ಸವೆದ ವಿಷಯವೂ, ಹೋಲಿಕೆಯ ಪಟ್ಟಿಯನ್ನು ಬಿಟ್ಟು, ಒಂದೇ ಜಗಲಿಯಲ್ಲಿ ಇಬ್ಬರ ಪದ್ಯಗಳೂ ಬಾಯಿಗೆ ಬರುವ ಕೇಳುಗರ ಪ್ರಶ್ನೆಯಾಗಿ ಬದಲಾದರೆ ಹೊಸದಾಗುತ್ತದೆ. ಅಂಥ ಕೇಳುಗರು ಇರುವುದು ಬೆಂಗಳೂರಿನ ಗ್ರಂಥಾಲಯಗಳಲ್ಲಿ ಅಲ್ಲ, ಅಗಳಿ, ರೊಳ್ಳ, ಡಿ. ಹಿರೇಹಾಳುಗಳಲ್ಲಿ. ಎರಡು ಭಾಷೆ ಬಲ್ಲ ವಿದ್ಯಾರ್ಥಿಯನ್ನು ಇದುವರೆಗಿನ ಎಂ.ಎ. ‘ಅಪ್ಪಟ ಕನ್ನಡ ಬಾರದವನು’ ಎಂದು ಅಳೆಯಿತು. ಅವನ ತೆಲುಗು ಅವನ ಕನ್ನಡಕ್ಕೆ ಅಂಟಿದ ಕಲೆಯೆಂದಲ್ಲದೆ ಅಧ್ಯಯನದ ಸಾಧನವೆಂದು ಕಂಡಿದ್ದರೆ ತರಗತಿಯ ಸ್ವರೂಪವೇ ಬೇರೆಯಾಗುತ್ತಿತ್ತು.

ಇಂಥ ಪಠ್ಯಕ್ರಮಕ್ಕೂ ಒಂದು ಅಪಾಯವಿದೆ. ತೌಲನಿಕ ಅಧ್ಯಯನವೆಂಬ ಹೆಸರಿನಲ್ಲಿ ಕನ್ನಡವನ್ನು ತೆಲುಗು ವಿಭಾಗದ ಒಂದು ಐಚ್ಛಿಕ ಪತ್ರಿಕೆಯಾಗಿ ಇಳಿಸಿಬಿಡುವುದು ಆಡಳಿತಕ್ಕೆ ಸುಲಭ. ಹಳಗನ್ನಡ ಓದಲು ಬಾರದವರು ಹೇಮಾವತಿಯ ಶಾಸನವನ್ನು ಓದಲಾರರು. ಶಾಸನ ಓದಲಾರದವರ ತೌಲನಿಕತೆ ಭಾಷಣವಾಗಿ ಉಳಿಯುತ್ತದೆ. ಆದ್ದರಿಂದ ಮೈಸೂರಿನ ಚೌಕಟ್ಟಿನ ಬಿಗಿಯನ್ನು ಕೈಬಿಡದೆ ಅದರ ಕಿಟಕಿಗಳನ್ನು ಮಾತ್ರ ತೆಲುಗಿನ ಕಡೆಗೆ ತೆರೆಯಬೇಕಾಗುತ್ತದೆ. ಅದರೊಂದಿಗೆ ಶಿಕ್ಷಕ ತರಬೇತಿಯ ಜೋಡಣೆಯೂ, ಪದವಿ ಹಂತದಲ್ಲಿ ಕನ್ನಡವನ್ನು ದ್ವಿತೀಯ ಭಾಷೆಯಾಗಿ ಉಳಿಸುವ ಒತ್ತಾಯವೂ ಇರಬೇಕು. ಇವು ಮೂರೂ ಕೂಡದೆ ಒಂದೊಂದೇ ಆದರೆ ಫಲವಿಲ್ಲ.

ಮದರಾಸಿನ ನಿಘಂಟು ಇಂದಿಗೂ ಬಳಕೆಯಲ್ಲಿದೆ. ಅದನ್ನು ಹುಟ್ಟಿಸಿದ ತರಗತಿಗೆ ವಿದ್ಯಾರ್ಥಿಗಳನ್ನು ಕಳುಹಿಸುತ್ತಿದ್ದ ಜಿಲ್ಲೆಗಳು ಬೇರೆ ರಾಜ್ಯಗಳಲ್ಲಿವೆ. ಗ್ರಂಥಗಳು ವಿಭಾಗವನ್ನು ಮೀರಿ ಬಾಳುತ್ತವೆ, ತರಗತಿ ಬಾಳುವುದಿಲ್ಲ. ರಾಯದುರ್ಗ, ಮಡಕಶಿರಾಗಳ ಕನ್ನಡ ಶಾಲೆಗಳಲ್ಲಿ ಮುಂದಿನ ತಲೆಮಾರಿಗೆ ಪಾಠ ಹೇಳುವವರು ಯಾವ ಕನ್ನಡವನ್ನು, ಎಲ್ಲಿ ಕಲಿತು ಬರುತ್ತಾರೆ ಎಂಬುದರ ಮೇಲೆ ಆ ಶಾಲೆಗಳ ಆಯುಷ್ಯ ನಿಂತಿದೆ. ಎಂ.ಎ. ತರಗತಿಯ ಬಾಗಿಲು ಮುಚ್ಚುವುದು ಆ ಶಾಲೆಯ ಬಾಗಿಲು ಮುಚ್ಚುವುದಕ್ಕಿಂತ ಹತ್ತಿಪ್ಪತ್ತು ವರ್ಷ ಮುಂಚೆ ನಡೆಯುವ ಘಟನೆ. ಅದಕ್ಕಾಗಿಯೇ ಅದು ಊರಿನವರ ಗಮನಕ್ಕೆ ಬರುವುದಿಲ್ಲ.